ಎಡಗಾಲಿಗೆ ಇಡ್ಲಿ, ಬಲಗಾಲಿಗೆ ವಡೆ

ಚೆನ್ನೈಯ ನುಂಗಂಬಾಕ್ಕಂನ ಒಂದು ಬೀದಿಯಲ್ಲಿ ಕಲಾವತಿ ಬಾಯಿಯವರ ಮನೆಯ ಮುಂದೆ ಒಂದು ತೆಂಗಿನ ಮರವಿದೆ. ಅದರ ಎತ್ತರವನ್ನು ಯಾರೂ ಅಳೆದಿಲ್ಲ. ಕೆಳಗಿನಿಂದ ಹೊರಟ ಕಾಗೆ ನಡುವೆ ಪಕ್ಕದ ಫ್ಲ್ಯಾಟಿನ ರವಿಕಿರಣರ ಬಾಲ್ಕನಿಯಲ್ಲಿ ಕೂತು, ದಣಿವಾರಿಸಿಕೊಂಡು, ಸಿಕ್ಕಿದ್ದನ್ನು ತಿಂದು, ಆಮೇಲೆ ಉಳಿದ ದಾರಿ ಹಿಡಿಯುತ್ತದೆ ಎಂಬುದನ್ನು ಮಾತ್ರ ಬೀದಿಯವರೆಲ್ಲ ಕಂಡಿದ್ದಾರೆ. ಆ ಮರದ ಬುಡದಲ್ಲಿ ನಿಂತು ರೂಪೇಶ ತನ್ನ ಹೊಸ ಕಸುಬಿನ ಮೊದಲ ಸುಳ್ಳು ಹೇಳಿದ.

ಹೇಳಿದ ಎನ್ನುವುದೂ ಪೂರ್ತಿ ಸರಿಯಲ್ಲ. ಬರೀ ತಲೆಯಾಡಿಸಿದ. ತೋಟದ ಕೆಲಸ ಇದೆಯೇ ಎಂದು ಕೇಳಿಕೊಂಡು ಬಂದವನನ್ನು ಕಲಾವತಿ ಬಾಯಿ ಗೇಟಿನ ಹೊರಗೇ ನಿಲ್ಲಿಸಿ ಮೇಲಿನಿಂದ ಕೆಳಗಿನವರೆಗೆ ನೋಡಿದ್ದರು. ಅವರ ಯಜಮಾನರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ಎಷ್ಟೋ ರೈಲುಗಳಿಗೆ ಹಸಿರು ಬಾವುಟ ತೋರಿಸಿದ ಮನುಷ್ಯ ಮನೆಯಲ್ಲಿ ಮಾತ್ರ ಹೆಂಡತಿಯ ಕಣ್ಣು ನೋಡಿಯೇ ಹೊರಡುತ್ತಿದ್ದರಂತೆ. ಮಾಸ್ತರರು ಹೋಗಿ ವರ್ಷಗಳಾದರೂ ಆ ಕಣ್ಣು ಇನ್ನೂ ಡ್ಯೂಟಿಯಲ್ಲಿತ್ತು.

“ನಿಮ್ಮ ಊರು ಯಾವುದಪಾ?”

“ಉಡುಪಿ ಹತ್ರ, ಅಮ್ಮ.”

“ಹಂಗಾರ ತೆಂಗಿನ ಮರ ಏರಲಿಕ್ಕೆ ಬರ್ತದ.”

ಅದು ಪ್ರಶ್ನೆಯಾಗಿದ್ದರೆ ಇಲ್ಲ ಎನ್ನಬಹುದಿತ್ತು. ಅದು ಪ್ರಶ್ನೆಯಾಗಿರಲಿಲ್ಲ. ಧಾರವಾಡದ ಕಡೆಯ ಕಲಾವತಿ ಬಾಯಿಯವರ ಲೆಕ್ಕದಲ್ಲಿ ಕರಾವಳಿಯ ಮಕ್ಕಳು ಅಂಬೆಗಾಲಿಡುವ ಮೊದಲೇ ತೆಂಗಿನ ಮರ ಹತ್ತುತ್ತವೆ. ಇಳಿದ ಮೇಲೆ ನಡೆಯಲು ಕಲಿಯುತ್ತವೆ. ರೂಪೇಶ ತಲೆಯಾಡಿಸಿದ.

“ಛಲೋ ಆತು. ಒಳಗ ಬಾ,” ಎಂದರು.

ನಿಜ ಏನೆಂದರೆ, ರೂಪೇಶ ಹುಟ್ಟಿದ್ದು ಎಗ್ಮೋರಿನಲ್ಲಿ, ಸಸ್ಯಾಹಾರಿ ಹೋಟೆಲೊಂದರ ಮೇಲಿನ ಕೆಲಸಗಾರರ ಕೋಣೆಗಳಲ್ಲಿ. ಅಪ್ಪ ಸದಾನಂದ ಅಲ್ಲಿ ದೋಸೆ ಮಾಸ್ಟರ್. ಊರು ಎಂದರೆ ಯಾರದಾದರೂ ಮದುವೆಗೆ ಹೋಗಿ ಸೆಕೆ ಎಂದು ಗೊಣಗಿ ವಾಪಸ್ ಬರುವ ಜಾಗ. ರೂಪೇಶ ಬದುಕಿನಲ್ಲಿ ಹತ್ತಿದ ಅತಿ ದೊಡ್ಡ ಎತ್ತರ ಹೋಟೆಲಿನ ನೀರಿನ ಟ್ಯಾಂಕಿನ ಏಣಿ. ಟ್ಯಾಂಕು ತೊಳೆಯಲು ಹತ್ತಿದವನಿಗೆ ಮೇಲೆ ತಲುಪುವಷ್ಟರಲ್ಲಿ ಜ್ವರ ಬಂತು. ಮುಂದಿನ ಸಲ ಟ್ಯಾಂಕು ತೊಳೆಯುವವರೆಗೂ ಅದು ಪೂರ್ತಿ ಬಿಡಲಿಲ್ಲ.

ಗಿಡ ಎಂದರೆ ಮಾತ್ರ ಅವನಿಗೆ ಜೀವ. ಶಾಲೆಯ ರಜೆಗಳಲ್ಲೆಲ್ಲ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ತಟ್ಟೆ ಹೊತ್ತು, ಬಿಡುವಿನಲ್ಲಿ ಎಣ್ಣೆ ಡಬ್ಬಿಗಳಲ್ಲಿ ದಾಸವಾಳ ಬೆಳೆಸಿದವನು. ಹೋಟೆಲು ಬಿಟ್ಟು ತಾನೇ ಸ್ವಂತವಾಗಿ ಗಾರ್ಡನರ್ ಆಗುತ್ತೇನೆ ಎಂದಾಗ ಸದಾನಂದ ದೋಸೆ ಕಾವಲಿಯಿಂದ ಕಣ್ಣೆತ್ತದೆ ಹೇಳಿದ್ದರು:

“ಆಗು ಮಾರಾಯ. ಕಾರ್ತಿಕ ದೀಪದ ಒಳಗೆ ಒಬ್ರಾದ್ರೂ ನಿನ್ನನ್ನು ನಂಬಿ ಮನೆ ಬೀಗದ ಕೈ ಕೊಟ್ರೆ ನಾನು ಬಾಯಿ ಮುಚ್ಚಿಕೊಳ್ತೇನೆ. ಕೊಡ್ಲಿಲ್ಲ ಅಂತಾದ್ರೆ ನೀನು ಬಂದು ಟೇಬಲ್ ಒರೆಸು.”

ಬೀಗದ ಕೈಯ ಮಾತು ಸುಮ್ಮನೆ ಬಂದದ್ದಲ್ಲ. ಹಗಲಿಗೆ ಬೀಗ ಹಾಕಿ ಆಫೀಸಿಗೆ ಹೋಗುವ ಮನೆಗಳ ಟೆರೇಸಿನಲ್ಲೇ ಚೆನ್ನೈಯ ತೋಟಗಳೆಲ್ಲ ಇರುವುದು. ಆ ಕೈ ಸಿಕ್ಕವನು ಗಾರ್ಡನರ್. ಸಿಗದವನು ಗೇಟಿನ ಹೊರಗೆ ನಿಂತು ಬೆಲ್ಲು ಒತ್ತುವವನು. ಆ ಬೀದಿಯ ಅರ್ಧ ಮನೆಗಳ ಟೆರೇಸಿನ ಬೀಗದ ಕೈಗಳು ಕಲಾವತಿ ಬಾಯಿಯವರ ಅಡುಗೆಮನೆಯ ಮೊಳೆಗಳಲ್ಲಿ ನೇತಾಡುತ್ತಿದ್ದವು. ರೂಪೇಶ ಹೋದಾಗ ಅವರೇ ಕೈ ತೆಗೆದುಕೊಂಡು ಜೊತೆಗೆ ಬಂದು, ಬೀಗ ತೆಗೆದು, ಅವನು ನೀರು ಹಾಕಿ ಮುಗಿಸುವವರೆಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಗಿಡಗಳು ಕೂಡ ಆಗ ನೆಟ್ಟಗೆ ನಿಲ್ಲುತ್ತಿದ್ದವು.

ಹೀಗೆ ತಿಂಗಳುಗಳು ಹೋದವು. ಪ್ರತಿ ಸಲ ಬಂದಾಗಲೂ ಕಲಾವತಿ ಬಾಯಿ ಮರದ ಕಡೆ ಗದ್ದ ಎತ್ತಿ, “ಕಾಯಿ ಬಲಿತಾವ ನೋಡು” ಎನ್ನುತ್ತಿದ್ದರು. ಪ್ರತಿ ಸಲವೂ ರೂಪೇಶನ ಹೊಟ್ಟೆಯೊಳಗೆ ಒಂದು ಲಿಫ್ಟು ತಂತಿ ಕಡಿದುಕೊಂಡು ಕೆಳಗಿಳಿಯುತ್ತಿತ್ತು.

ಮೊದಲ ಸಲ ಅದು ಸೋಮವಾರ. “ನಮ್ಮ ಕಡೆ ಸೋಮವಾರ ಮರ ಹತ್ತುದಿಲ್ಲ ಅಮ್ಮ,” ಎಂದ. “ಶಿವನಿಗೂ ಮೂರು ಕಣ್ಣು, ಕಾಯಿಗೂ ಮೂರು ಕಣ್ಣು.” ಬಾಯಿಗೆ ಬಂದದ್ದನ್ನು ಹೇಳಿದ್ದ. ಕಲಾವತಿ ಬಾಯಿ ಗಂಭೀರವಾಗಿ ಕೇಳಿಕೊಂಡರು. ಆಚಾರ ಎಂದರೆ ಅವರಿಗೆ ಬಹಳ. ಅಂದಿನಿಂದ ಅವರ ಮನೆಯಲ್ಲಿ ಸೋಮವಾರ ತೆಂಗಿನಕಾಯಿ ಒಡೆಯುವುದು ನಿಂತಿತು. ಅವರಿಂದ ಎದುರುಮನೆಗೆ, ಎದುರುಮನೆಯಿಂದ ಫ್ಲ್ಯಾಟುಗಳಿಗೆ ಹೋಗಿ, ಒಂದು ತಿಂಗಳಲ್ಲಿ ಬೀದಿಯಲ್ಲೆಲ್ಲೂ ಸೋಮವಾರ ಚಟ್ನಿ ಇಲ್ಲ ಎಂದಾಯಿತು. ಜನ ದೋಸೆಗೆ ಉಪ್ಪಿನಕಾಯಿ ನೆಂಚಿಕೊಂಡರು. ಮಂಗಳವಾರ ಕಬ್ಬಿಣ ತಾಗಿಸಬಾರದು ಎಂದ. ಬುಧವಾರ ಹತ್ತಿದರೆ ಎಳನೀರು ಹುಳಿಯಾಗುತ್ತದೆ ಎಂದ. ವಾರ ಮುಗಿಯುತ್ತ ಬಂದ ಹಾಗೆ ಅಮಾವಾಸ್ಯೆ, ಗ್ರಹಣ, ಮೇಲೆ ಹದ್ದು ಸುತ್ತುವ ಹೊತ್ತು ಎಲ್ಲವನ್ನೂ ಬಳಸಿಕೊಂಡ. ಕೊನೆಗೆ ಪಂಚಾಂಗದಲ್ಲಿ ಅವನಿಗೆ ಏನೂ ಉಳಿಯಲಿಲ್ಲ.

ಆಗ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತು.

ಟಿವಿಯವರು ಅದರ ಕಣ್ಣು, ಹೊಟ್ಟೆ, ಬಾಲ ಎಲ್ಲ ತೋರಿಸಿದರು. ಎರಡು ದಿನದಲ್ಲಿ ಚೆನ್ನೈ ಹತ್ತಿರ ದಡ ಮುಟ್ಟುತ್ತದೆ ಎಂದರು. ಊರಿಗೆ ಊರೇ ಹಾಲಿನ ಪ್ಯಾಕೆಟ್ಟು, ಬ್ರೆಡ್ಡು, ಮೇಣದಬತ್ತಿ ಕೊಳ್ಳಲು ಓಡಿತು. ಬಿರುಗಾಳಿಗೆ ಸಿಕ್ಕಿದ ತೆಂಗಿನಕಾಯಿ ಫಿರಂಗಿ ಗುಂಡು. ಮರದ ಒಂದು ಪಕ್ಕ ಕಲಾವತಿ ಬಾಯಿಯವರ ಹಳೆಯ ಹೆಂಚಿನ ಜಗಲಿ. ಇನ್ನೊಂದು ಪಕ್ಕ, ಗೋಡೆಯಾಚೆ, ರವಿಕಿರಣರ ಹೊಸ ಕಾರು. ಮರ ಹತ್ತುವ ಆಳುಗಳನ್ನು ಇಡೀ ಪಟ್ಟಣ ಮುಂಚೆಯೇ ಹಿಡಿದುಕೊಂಡಿತ್ತು.

ಕಲಾವತಿ ಬಾಯಿ ಫೋನು ಮಾಡಿದರು. “ನಾಳೆ ಮುಂಜಾನೆ ಬಾ. ಕಾಯಿ ಇಳಸು. ನಾಳೆ ಯಾವ ವಾರ ಅಂತ ನಾ ಕೇಳೂದಿಲ್ಲ, ನೀನೂ ಹೇಳಬ್ಯಾಡ. ಬಂದ್ಯೋ, ಬೀಗದ ಕೈ ನಿನ್ನ ಕೈಯಾಗ. ಬರಲಿಲ್ಲೋ, ಮತ್ತ ಈ ಬೀದಿ ಕಡೆ ಹಾಯಬ್ಯಾಡ.”

ರೂಪೇಶ ಆ ಸಂಜೆಯೇ ಬಸ್ಸು ಹತ್ತಿ ಮಾಧವರಂಗೆ ಹೋದ. ಅವನು ಸಸಿ ಕೊಳ್ಳುತ್ತಿದ್ದ ನರ್ಸರಿಯ ಏಳುಮಲೈ ಹತ್ತಿರ ತೆಂಗಿನ ಮರ ಹತ್ತುವ ಯಂತ್ರವೊಂದಿತ್ತು. ಯಂತ್ರ ಎಂದರೆ ಕಬ್ಬಿಣದ ಎರಡು ಚೌಕಟ್ಟು. ಒಂದೊಂದರಲ್ಲೂ ಮರವನ್ನು ತಬ್ಬಿ ಹಿಡಿಯುವ ಒಂದು ತಂತಿ ಹಗ್ಗ, ಕಾಲಿಡಲು ಒಂದು ಮೆಟ್ಟು. ಒಂದು ಕಾಲಿನ ಮೇಲೆ ಭಾರ ಬಿಡಬೇಕು, ಇನ್ನೊಂದು ಚೌಕಟ್ಟನ್ನು ಕೈಯಲ್ಲಿ ಎತ್ತಿ ಸರಿಸಬೇಕು. ಹೀಗೆ ಒಂದಾದ ಮೇಲೊಂದು.

“ಏರ್ರದು ಈಸಿ ತಂಬಿ,” ಎಂದ ಏಳುಮಲೈ ಅವನದೇ ತಮಿಳಿನಲ್ಲಿ. “ಎರಂಗ್ರದು ದಾನ್...” ಎಂದು ಇಳಿಯುವ ವಿಷಯ ಶುರು ಮಾಡಿ, ಯಾರೋ ಗಿರಾಕಿ ಕರೆದರೆಂದು ಎದ್ದು ಹೋದ. ಮಾತು ಮುಗಿಸಲು ವಾಪಸ್ ಬರಲಿಲ್ಲ.

ಮರುದಿನ ಬೆಳಗ್ಗೆ ಆಕಾಶ ಹಳೆಯ ಅಲ್ಯೂಮಿನಿಯಂ ಪಾತ್ರೆಯ ಬಣ್ಣದಲ್ಲಿತ್ತು. ಗಾಳಿ ಇನ್ನೂ ಶುರುವಾಗಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಬಂದು ನೋಡಿಕೊಂಡು ಹೋಗುತ್ತಿತ್ತು. ರೂಪೇಶ ಯಂತ್ರವನ್ನು ಮರಕ್ಕೆ ಸಿಕ್ಕಿಸಿದ. ಸೊಂಟಕ್ಕೆ ಕತ್ತಿ, ಹೆಗಲಿಗೆ ಗೊನೆ ಇಳಿಸಲು ಉದ್ದದ ಹಗ್ಗ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಮರದ ಮೇಲಿದ್ದ ಅಳಿಲು ಭೂಕಂಪ ಎಂದುಕೊಂಡು ಗೋಡೆಗೆ ಹಾರಿತು.

“ದೇವರನ್ನ ನೆನಸಿ ಏರು,” ಎಂದರು ಕಲಾವತಿ ಬಾಯಿ, ಕುರ್ಚಿ ತರಿಸಿ ಕೂತು.

ಅವನು ಮೇಲೆ ನೋಡಲಿಲ್ಲ, ಕೆಳಗೆ ನೋಡಲಿಲ್ಲ. ಮೂಗಿನ ಮುಂದಿನ ತೊಗಟೆಯನ್ನು ಮಾತ್ರ ನೋಡಿದ. ಎಡಗಾಲು, ಬಲಗಾಲು. ತೊಗಟೆಯ ಮೇಲೆ ಒಂದು ಇರುವೆ ಅವನ ಜೊತೆಗೇ ಹತ್ತುತ್ತಿತ್ತು. ಇದಕ್ಕೆ ಸಾಧ್ಯವಾದರೆ ನನಗೇಕಿಲ್ಲ ಎಂದು ಅದನ್ನೇ ನಂಬಿಕೊಂಡ. ಅರ್ಧ ದಾರಿಯಲ್ಲಿ ಇರುವೆ ನಿಂತು, ಯೋಚಿಸಿ, ಹಿಂದಕ್ಕೆ ಹೊರಟಿತು. ರೂಪೇಶನಿಗೆ ಹಿಂದಕ್ಕೆ ಹೊರಡುವುದು ಹೇಗೆಂದು ಗೊತ್ತಿರಲಿಲ್ಲ. ಹಾಗಾಗಿ ಅವನು ಮೇಲಕ್ಕೇ ಹೋದ.

ತಲೆಗೆ ಏನೋ ಒರಟಾದದ್ದು ತಾಗಿದಾಗ ಮೇಲೆ ತಲುಪಿದ್ದು ತಿಳಿಯಿತು. ಸೋಗೆಯ ಬುಡವೊಂದನ್ನು ಎರಡೂ ಕೈಯಿಂದ ತಬ್ಬಿಕೊಂಡ. ಎದುರಿಗೆ ಗೊನೆಗಳು, ಒಂದರ ಮೇಲೊಂದು, ಅವನನ್ನೇ ನೋಡುತ್ತಿದ್ದವು.

“ಕಡಿ ಇನ್ನ,” ಎಂದು ಕೆಳಗಿನಿಂದ ದನಿ ಬಂತು.

ಕತ್ತಿ ತೆಗೆಯಲು ಸೊಂಟ ನೋಡಬೇಕು. ಸೊಂಟ ನೋಡಲು ಹೋದವನಿಗೆ ಸೊಂಟದಿಂದಾಚೆ ಇದ್ದದ್ದೆಲ್ಲ ಕಂಡಿತು. ಕಲಾವತಿ ಬಾಯಿ ಒಂದು ಸಾಸಿವೆ ಕಾಳಿನಷ್ಟಿದ್ದರು. ಸಾಸಿವೆ ಕಾಳಿಗೆ ಕನ್ನಡಕ ಇತ್ತು. ಕತ್ತಿ ಹಿಡಿದ ಕೈ ತಾನೇ ಸಡಿಲಿತು. ಕತ್ತಿ ಜಾರಿ, ಬಹಳ ಹೊತ್ತು ಬಿದ್ದು, ಕೆಳಗಿನ ಹೂವಿನ ಮಡಿಯಲ್ಲಿ ಹಿಡಿಯವರೆಗೂ ಹೂತುಕೊಂಡಿತು.

ಆಗಲೇ ಗಾಳಿ ಬಂತು. ಮರ ಮೆಲ್ಲಗೆ ರವಿಕಿರಣರ ಕಡೆ ವಾಲಿ, ಅಲ್ಲಿ ಕ್ಷಣ ನಿಂತು, ಅಷ್ಟೇ ಮೆಲ್ಲಗೆ ವಾಪಸ್ ಬಂತು. ರೂಪೇಶನ ಪ್ರಾಣ ರವಿಕಿರಣರ ಕಡೆಯೇ ಉಳಿಯಿತು. ದೂರದಲ್ಲಿ ಎಗ್ಮೋರಿಗೆ ಹೋಗುವ ಲೋಕಲ್ ರೈಲು ಕಂಡಿತು. ಇಷ್ಟು ಹೊತ್ತಿಗೆ ಹೋಟೆಲಿನಲ್ಲಿ ಎರಡನೇ ಒಬ್ಬೆಯ ಇಡ್ಲಿ ಬೆಂದಿರುತ್ತದೆ. ಟೇಬಲ್ ಒರೆಸುವುದು ಎಷ್ಟು ತಗ್ಗಿನ, ಎಷ್ಟು ಗಟ್ಟಿ ನೆಲದ ಕೆಲಸ ಎಂದು ಅವನಿಗೆ ಮೊದಲ ಬಾರಿ ಹೊಳೆಯಿತು. ಕಣ್ಣೀರು ಬಂತು. ಒರೆಸಲು ಕೈ ಬಿಡಬೇಕಾದ್ದರಿಂದ ಹಾಗೇ ಹರಿಯಲು ಬಿಟ್ಟ.

“ಯಾಕೋ ತಮ್ಮಾ, ಅಲ್ಲೇ ಯಾಕ ಕೂತಿ?”

“ಅಮ್ಮ,” ಎಂದ ರೂಪೇಶ. ದನಿ ಸಣ್ಣದಾಗಿತ್ತು, ಆದರೆ ಅಷ್ಟು ಮೇಲಿನಿಂದ ಬಿದ್ದದ್ದರಿಂದ ಬೀದಿಗೆಲ್ಲ ಕೇಳಿಸಿತು. “ನಂಗೆ ಮರ ಹತ್ಲಿಕ್ಕೆ ಬರುದಿಲ್ಲ.”

ಕಲಾವತಿ ಬಾಯಿ ಕನ್ನಡಕ ಸರಿಮಾಡಿಕೊಂಡು ಮೇಲೆ ನೋಡಿದರು.

“ಏರೀಯಲ್ಲೋ.”

“ಹತ್ತಿದ್ದು ಹೌದು. ಬರುದಿಲ್ಲ. ಇಳೀಲಿಕ್ಕೂ ಬರುದಿಲ್ಲ. ನಾನು ಸುಳ್ಳು ಹೇಳಿದ್ದು.”

ಮರ ಇನ್ನೊಮ್ಮೆ ವಾಲಿತು. ಇನ್ನು ತಾನು ಉಳಿಯುವುದಿಲ್ಲ ಎಂಬುದು ಅವನಿಗೆ ಖಾತ್ರಿಯಾಯಿತು. ಸಾಯುವವನು ಇಷ್ಟೊಂದು ಇಟ್ಟುಕೊಂಡು ಹೋಗುವುದು ಬೇಡ ಎನ್ನಿಸಿತೋ, ಅಥವಾ ಬಾಯಿ ಮುಚ್ಚಿದರೆ ಹಲ್ಲು ಕಟಕಟ ಎನ್ನುತ್ತದೆಂದೋ, ಅವನು ಮಾತು ನಿಲ್ಲಿಸಲಿಲ್ಲ.

“ಸೋಮವಾರದ್ದೂ ಸುಳ್ಳು ಅಮ್ಮ. ನಮ್ಮ ಕಡೆ ಸೋಮವಾರ ಎಲ್ಲರೂ ಹತ್ತುತ್ತಾರೆ. ಹೋಟ್ಲಲ್ಲಿ ಸೋಮವಾರ ಮೂರು ಬಗೆ ಚಟ್ನಿ ಉಂಟು.”

ಬೀದಿಯಲ್ಲಿ ಒಂದೊಂದೇ ಬಾಗಿಲು ತೆರೆಯತೊಡಗಿತು. ತಿಂಗಳುಗಟ್ಟಲೆ ಸೋಮವಾರ ಉಪ್ಪಿನಕಾಯಿ ನೆಂಚಿಕೊಂಡವರು ಹೊರಗೆ ಬಂದು ಮೇಲೆ ನೋಡಿದರು. ರವಿಕಿರಣರೂ ಬಾಲ್ಕನಿಗೆ ಬಂದರು. ಇನ್ಶೂರೆನ್ಸಿನಲ್ಲಿದ್ದವರು, ಮೊದಲು ತಮ್ಮ ಕಾರನ್ನು ನೋಡಿ, ಆಮೇಲೆ ರೂಪೇಶನನ್ನು ನೋಡಿ, ನಡುವಿನ ದೂರವನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದರು.

“ಸಾರ್, ನಿಮ್ಮ ಕರಿಬೇವು ಬೆಳೀತಾ ಇಲ್ಲ ಅಂತ ಕೇಳ್ತಿದ್ರಲ್ಲ,” ಎಂದ ರೂಪೇಶ ಅತ್ತ ತಿರುಗಿ. “ಅದು ಚಂದ ಬೆಳೀತದೆ. ನಾನು ಕೊಯ್ದು ಅಪ್ಪನ ಹೋಟ್ಲಿಗೆ ಕೊಡ್ತಿದ್ದೆ.”

“ಏನ್ರೀ ಇದು? ಅದಕ್ಕೆ ನಾನು ಎಷ್ಟು ಗೊಬ್ಬರ ಹಾಕ್ಸಿದೀನಿ ಗೊತ್ತಾ? ಭಾನುವಾರ ಭಾನುವಾರ ನಿಮ್ಮ ಹೋಟ್ಲಿಗೆ ಬಂದು, ಕರಿಬೇವು ಅಂದ್ರೆ ಹಿಂಗಿರ್ಬೇಕು, ನಮ್ಮನೇದೂ ಇದೆ ದಂಡಕ್ಕೆ ಅಂತ ನಿಮ್ಮಪ್ಪನ ಹತ್ರಾನೇ ಹೇಳಿದೀನಲ್ರೀ.”

“ಅದು ನಿಮ್ಮದೇ ಸಾರ್.”

“ನಾನ್ ಅಪ್ಪವೇ ಸೊನ್ನೇನ್,” ಎಂದಳು ಪಕ್ಕದಲ್ಲಿದ್ದ ಅವರ ಮಗಳು ಮಧುರಾ. ಅವಳಿಗೆ ಕನ್ನಡ ಅರ್ಥವಾಗುತ್ತದೆ. ತಂದೆಗೆ ‘ಆಗಲೇ ಹೇಳಿದ್ದೆ’ ಎನ್ನಲು ಮಾತ್ರ ತಮಿಳೇ ಅನುಕೂಲ.

“ಎದುರುಮನೆ ಮಾಧವಿ ಮೇಡಂ ಉಂಟಾ?” ಎಂದು ಮೇಲಿನಿಂದ ಕೂಗು ಬಂತು.

ಮಾಧವಿ ಸಂಗೀತ ಪಾಠ ಹೇಳಿಕೊಡುವವರು. ಟೆರೇಸಿನ ಮಲ್ಲಿಗೆ ಗಿಡದ ಮುಂದೆ ದಿನಾ ಬೆಳಗ್ಗೆ ಕೂತು ಹಾಡುತ್ತಿದ್ದರು. ಗಿಡಕ್ಕೆ ಕಲ್ಯಾಣಿ ರಾಗ ಇಷ್ಟ, ತೋಡಿ ಹಾಡಿದರೆ ಎಲೆ ಬಾಡುತ್ತದೆ ಎಂದು ಶಿಷ್ಯರಿಗೆಲ್ಲ ಹೇಳಿದ್ದರು.

“ನಾನು ಇಲ್ಲೇ ಇದೀನಿ. ಮೊದಲು ಇಳಿಯಪ್ಪಾ ನೀನು.”

“ನೀವು ತಿರುಪತಿಗೆ ಹೋದಾಗ ನಿಮ್ಮ ಮಲ್ಲಿಗೆ ಸತ್ತು ಹೋಯ್ತು. ನಾನು ಹೋಟ್ಲಿಂದ ಅಕ್ಕಿ ತೊಳೆದ ನೀರು ಅಂತ ತಂದು ಹೊಯ್ದೆ. ಅದು ಮಾವಿನಕಾಯಿ ಹಾಕಿಟ್ಟ ಉಪ್ಪು ನೀರು. ಈಗ ಇರುದು ಮಾಧವರಂ ನರ್ಸರಿದು. ಅದಕ್ಕೆ ಯಾವ ರಾಗವೂ ಗೊತ್ತಿಲ್ಲ.”

ಮಾಧವಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, “ಹಾಗಾದ್ರೆ ಈ ಗಿಡ ತೋಡಿಗೂ ಚೆನ್ನಾಗಿ ಹೂ ಬಿಟ್ಟಿತಲ್ಲ, ಅದಕ್ಕೇ ಇರಬೇಕು,” ಎಂದರು ತಮ್ಮಷ್ಟಕ್ಕೆ.

ಈ ಥರದ್ದು ಒಮ್ಮೆ ಶುರುವಾದರೆ ಒಬ್ಬರಲ್ಲಿ ನಿಲ್ಲುವುದಿಲ್ಲ. ಬೀದಿಯ ತುದಿಯ ಇಸ್ತ್ರಿ ಗಾಡಿಯವನು ಪೆಟ್ಟಿಗೆ ಕೆಳಗಿಟ್ಟು ಬಂದು, ಕಲಾವತಿ ಬಾಯಿಯವರ ನೀಲಿ ರೇಷ್ಮೆ ಸೀರೆಯ ಸೆರಗು ಇಲಿ ಕಡಿದದ್ದಲ್ಲ, ತನ್ನ ಕೈ ತಪ್ಪಿ ಸುಟ್ಟದ್ದು ಎಂದು ಒಪ್ಪಿಕೊಂಡ. ಹಾಲು ಹಾಕುವವನು ಅಲ್ಲೇ ಇದ್ದವನು, ಗುಂಪು ತನ್ನ ಕಡೆ ತಿರುಗುವ ಮುಂಚೆ ಸೈಕಲ್ಲು ಹತ್ತಿ ಹೊರಟುಹೋದ.

ಕಲಾವತಿ ಬಾಯಿ ಕುರ್ಚಿಯನ್ನು ಮರದ ಬುಡಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡು ಕೂತರು. ಹಾಗೆ ಹತ್ತಿರ ಬಂದದ್ದು ರೂಪೇಶನಿಗೆ ಗಾಳಿಗಿಂತ ಹೆಚ್ಚು ಭಯ ಹುಟ್ಟಿಸಿತು.

ಫೈರ್ ಸರ್ವಿಸಿಗೆ ಫೋನು ಹೋಯಿತು. ಚಂಡಮಾರುತದ ಕೆಲಸದಲ್ಲಿದ್ದೇವೆ, ಸಂಜೆಯೊಳಗೆ ನೋಡುತ್ತೇವೆ ಎಂದರು. ಸಂಜೆಯೊಳಗೆ ಗಾಳಿಯೇ ಇಳಿಸಿಬಿಡುತ್ತದೆ ಎಂದು ಯಾರೋ ಅಂದದ್ದು ಮೇಲಕ್ಕೂ ಕೇಳಿಸಿತು. ರವಿಕಿರಣರಿಗೆ ಹೋಟೆಲಿನ ನಂಬರು ಬಾಯಿಪಾಠವಿತ್ತು. ಅವರು ಸದಾನಂದರಿಗೆ ಫೋನು ಮಾಡಿದರು. ಸಿಟ್ಟು ಕರಿಬೇವಿನದ್ದಾದರೂ ಹೇಳಿದ್ದು ಮಗನ ವಿಷಯವನ್ನೇ.

ಸದಾನಂದ ಆಟೋದಲ್ಲಿ ಬಂದರು. ಕಾವಲಿಯ ಮುಂದಿನಿಂದ ಎದ್ದು ಬಂದ ಹಾಗೇ ಬನಿಯನ್ನು, ಮಂಡಿಗೆ ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ದೋಸೆ ಮಗುಚುವ ಸಟ್ಟುಗ. ಅದನ್ನು ಅಲ್ಲೇ ಇಟ್ಟು ಬರಬೇಕೆಂದು ಅವರಿಗೆ ಹೊಳೆದಿರಲಿಲ್ಲ. ಮೇಲೆ ನೋಡಿದರು. ಮಗ ಕಾಣಲಿಲ್ಲ. ಸೋಗೆಗಳ ನಡುವೆ ಒಂದು ಅಂಗಾಲು ಕಂಡಿತು. ಆ ಅಂಗಾಲನ್ನು ಅವರು ಗುರುತು ಹಿಡಿದರು.

“ಎಂತಾ ಮಾರಾಯ ಇದು?” ಎಂದರು.

“ಅಪ್ಪ, ಮನೆಯಲ್ಲಿ ಅಮ್ಮನಿಗೆ ಹೇಳ್ಬೇಡಿ.”

ಕಲಾವತಿ ಬಾಯಿಯ ಮುಖದಲ್ಲಿ ಮೊದಲ ಬಾರಿಗೆ ಸಮಾಧಾನ ಕಂಡಿತು. “ಬಂದ್ರಿ, ಛಲೋ ಆತು. ನೀವಂತೂ ಊರಾಗ ಹುಟ್ಟಿದವರು. ಏರಿ ಮಗನ್ನ ಇಳಿಸಿಕೊಂಡು ಬರ್ರಿ.”

ಸದಾನಂದ ಮರವನ್ನು ಬುಡದಿಂದ ತುದಿಯವರೆಗೆ ನೋಡಿದರು. ಅವರ ಕುತ್ತಿಗೆಯಲ್ಲಿ ಬೆವರಿಳಿಯಿತು. ಅದು ಕಾವಲಿಯ ಬೆವರಲ್ಲ.

“ನಂಗೂ ಬರುದಿಲ್ಲ ಅಮ್ಮ,” ಎಂದರು ಸಣ್ಣಗೆ. “ನಾನು ಲೋಟ ತೊಳೀಲಿಕ್ಕೆ ಅಂತ ಈ ಊರಿಗೆ ಬರುವಾಗ ಚಡ್ಡಿ ನಿಲ್ತಾ ಇರ್ಲಿಲ್ಲ ಸೊಂಟದಲ್ಲಿ. ಮರ ಹತ್ತುವ ವಯಸ್ಸೆಲ್ಲ ಹೋಟ್ಲಲ್ಲೇ ಹೋಯ್ತು. ಈ ಊರಲ್ಲಿ ಎಲ್ಲರೂ ಕೇಳ್ತಾರೆ, ನಾನೂ ಬರ್ತದೆ ಅಂತ ತಲೆಯಾಡಿಸ್ತಾ ಬಂದೆ.”

ಕಲಾವತಿ ಬಾಯಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಇಡೀ ಕರಾವಳಿಯ ಬಗ್ಗೆ ಅವರಿಗಿದ್ದ ಅಭಿಪ್ರಾಯ ಒಂದು ಬೆಳಗ್ಗೆಯಲ್ಲಿ ಬುಡ ಸಮೇತ ಬಿದ್ದಿತ್ತು.

ಗಾಳಿ ಈಗ ನೋಡಿಕೊಂಡು ಹೋಗುವುದನ್ನು ಬಿಟ್ಟು ಅಲ್ಲೇ ನಿಂತಿತು. ಮರ ಕಿರುಗುಟ್ಟಿತು. ಮೇಲಿನಿಂದ ಒಂದು ಸಣ್ಣ ದನಿ, ಬೆಕ್ಕಿನ ಮರಿಯದ್ದೋ ಎನ್ನುವಂಥದ್ದು, ಬಂದು ನಿಂತುಹೋಯಿತು. ಸದಾನಂದರಿಗೆ ಏನು ಮಾಡಬೇಕೆಂದು ತಿಳಿಯದೆ, ಕೈಯಲ್ಲಿದ್ದ ಸಟ್ಟುಗದಿಂದ ಪಕ್ಕದ ಕಬ್ಬಿಣದ ಗೇಟಿಗೆ ಬಡಿದರು. ಸುಮ್ಮನೆ, ಸಂಕಟಕ್ಕೆ.

ಟಣ್ ಟಣ್.

ಮೇಲೆ ಅಂಗಾಲು ಅಲುಗಿತು.

ಹೋಟೆಲಿನಲ್ಲಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ದೋಸೆ ಆಯಿತು ಎಂದು ಮಾಸ್ಟರ್ ಕಾವಲಿಯ ಅಂಚಿಗೆ ಸಟ್ಟುಗ ಬಡಿಯುತ್ತಾನೆ; ಬಡಿದ ಕೂಡಲೇ ಸಪ್ಲೈಯರ್ ಎಲ್ಲಿದ್ದರೂ ಅವನ ಕಾಲು ಅಡುಗೆಮನೆಯ ಕಡೆ ತಿರುಗುತ್ತದೆ. ಅವನು ಯೋಚಿಸುವುದಿಲ್ಲ, ಕಾಲು ಯೋಚಿಸುತ್ತದೆ. ರೂಪೇಶ ಮಾತಾಡಲು ಕಲಿಯುವ ಮೊದಲೇ ಆ ಸದ್ದಿಗೆ ತಿರುಗಲು ಕಲಿತಿದ್ದ.

ಸದಾನಂದರಿಗೆ ಅರ್ಥವಾಯಿತು. ಅವರು ಪಂಚೆಯನ್ನು ಇನ್ನಷ್ಟು ಬಿಗಿದು ಕಟ್ಟಿದರು. ದನಿ ಬದಲಾಯಿತು, ಭಾನುವಾರ ಬೆಳಗ್ಗೆ ಎಲ್ಲ ಟೇಬಲ್ ತುಂಬಿದಾಗಿನ ದನಿ.

“ಸಪ್ಲೈಯರ್. ಎಡಗಾಲು ಇಡ್ಲಿ, ಬಲಗಾಲು ವಡೆ. ಗೊತ್ತಾಯ್ತಾ?”

“ಹೂಂ,” ಎಂದಿತು ಮೇಲಿನಿಂದ.

“ಇರ್ರಿ,” ಎಂದರು ಕಲಾವತಿ ಬಾಯಿ. “ಏರಿದ್ದ ಏರ್ಯಾನ. ಕಾಯಿ?”

ಎಲ್ಲರೂ ಅವರನ್ನು ನೋಡಿದರು. ಅವರು ಮರವನ್ನು ನೋಡಿದರು, ಹೆಂಚನ್ನು ನೋಡಿದರು, ರವಿಕಿರಣರ ಕಾರನ್ನೂ ನೋಡಿದರು. ರವಿಕಿರಣರು, “ಅದೂ ಸರೀನೇ,” ಎಂದರು ಬಾಲ್ಕನಿಯಿಂದ.

ಸದಾನಂದ ಒಂದು ಕ್ಷಣ ಕಣ್ಣು ಮುಚ್ಚಿದರು. “ಹಗ್ಗ ಬಿಡು,” ಎಂದು ಕೂಗಿದರು. ಮೇಲಿನಿಂದ ಹಗ್ಗ ಇಳಿಯಿತು. ಹೂವಿನ ಮಡಿಯಿಂದ ಕತ್ತಿ ಕಿತ್ತು ಅದಕ್ಕೆ ಕಟ್ಟಿದರು. ಟಣ್ ಟಣ್. “ಪಾರ್ಸೆಲ್ ಒಂದು.”

ಪಾರ್ಸೆಲ್ ಎಂದರೆ ಏನು ಎಂದು ರೂಪೇಶ ಕೇಳಲಿಲ್ಲ. ಕೆಳಗೆ ನೋಡಲೂ ಇಲ್ಲ. ಒಂದು ಕೈ ಸೋಗೆ ಬಿಟ್ಟಿತು, ಕತ್ತಿ ಎಳೆದುಕೊಂಡಿತು, ಗೊನೆಗೆ ಹಗ್ಗ ಬಿಗಿಯಿತು, ಕಡಿಯಿತು. ಉಳಿದ ಮೈ ಪೂರ್ತಿ ನಡುಗುತ್ತಲೇ ಇತ್ತು. ಕೈಗೆ ಮಾತ್ರ ಆರ್ಡರ್ ಬಂದಿತ್ತು. ಗೊನೆ ಹಗ್ಗದಲ್ಲಿ ತೂಗಾಡುತ್ತ ಇಳಿಯಿತು. ಪಾರ್ಸೆಲ್ ಇನ್ನೊಂದು. ಮತ್ತೂ ಒಂದು. ಕೊನೆಯ ಗೊನೆ ಇಳಿದಾಗ ಮರ ಹಗುರವಾಗಿ ಇನ್ನೂ ಜೋರಾಗಿ ತೂಗಿತು. ರೂಪೇಶ ಕಿರುಚಿದ. ಕಿರುಚುತ್ತಲೇ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

“ಒಂದು ಇಡ್ಲಿ.” ಟಣ್.

ಎಡ ಚೌಕಟ್ಟು ಒಂದು ಗೇಣು ಕೆಳಗೆ ಸರಿಯಿತು.

“ಒಂದು ವಡೆ.” ಟಣ್.

ಬಲ ಚೌಕಟ್ಟು.

“ಇಡ್ಲಿ ವಡೆ. ಇಡ್ಲಿ ವಡೆ. ಸಾಂಬಾರಲ್ಲಿ ಮುಳುಗಿಸಿ ಒಂದು ವಡೆ.” ಎಂದರೆ ಮೆಲ್ಲಗೆ ಎಂದರ್ಥ; ಮುಳುಗಿದ ವಡೆಯ ಬಟ್ಟಲು ತುಳುಕಬಾರದು. ರೂಪೇಶ ಮೆಲ್ಲಗೆ ಸರಿಸಿದ. ಗಾಳಿ ಜೋರಾಗಿ ಬೀಸಿದಾಗ ಸದಾನಂದ, “ಟೇಬಲ್ ಖಾಲಿ ಇಲ್ಲ, ನಿಲ್ಲು,” ಎಂದರು. ಅವನು ಮರ ತಬ್ಬಿ ನಿಂತ. ಗಾಳಿ ಹಾದು ಹೋದ ಮೇಲೆ, “ಎರಡು ಇಡ್ಲಿ,” ಎಂದರು. ಅದು ಎಡಗಾಲಿಗೇ ಎರಡು ಸಲ ಬಂದು ಕಾಲುಗಳ ನಡುವೆ ಬಹಳ ಅಂತರವಾಯಿತು. “ಅಪ್ಪ, ವಡೆ, ವಡೆ,” ಎಂದು ಮೇಲಿನಿಂದ ಅಳು ಬಂತು. “ತಪ್ಪಾಯ್ತು ಮಾರಾಯ, ಎರಡು ವಡೆ.”

ಬೀದಿಯವರಿಗೆ ಹಸಿವಾಗತೊಡಗಿತು. ಬಹಳ ಜನ ಬೆಳಗ್ಗೆ ತಿಂಡಿ ತಿಂದಿರಲಿಲ್ಲ. ಹೀಗೆ ಆ ದಿನ ನುಂಗಂಬಾಕ್ಕಂನಲ್ಲಿ ಒಬ್ಬ ಮನುಷ್ಯ ಒಂದು ಹೋಟೆಲಿನ ಒಂದು ವಾರದ ಇಡ್ಲಿ ವಡೆಯಷ್ಟು ದೂರವನ್ನು ಇಳಿದ. ಸದಾನಂದರ ದನಿ ಬಿದ್ದುಹೋಯಿತು. ಕೊನೆಕೊನೆಗೆ ಬರೀ ಸಟ್ಟುಗವೇ ಮಾತಾಡುತ್ತಿತ್ತು.

ಕಾಲಿಗೆ ನೆಲ ತಾಗಿದ್ದು ರೂಪೇಶನಿಗೆ ತಿಳಿಯಲಿಲ್ಲ. ಮರವನ್ನು ತಬ್ಬಿಕೊಂಡೇ ಇದ್ದ.

“ಬಿಲ್ಲು,” ಎಂದರು ಸದಾನಂದ ಒಡೆದ ದನಿಯಲ್ಲಿ. ಬಿಲ್ಲು ಎಂದರೆ ಟೇಬಲ್ ಮುಗಿಯಿತು ಎಂದರ್ಥ. ಆಗ ಕೈ ಬಿಟ್ಟ. ಬಿಟ್ಟವನು ಹೂವಿನ ಮಡಿಯಲ್ಲೇ ಕೂತ. ಅಪ್ಪ ಪಕ್ಕದಲ್ಲಿ ಕೂತು ಅವನ ಅಂಗಾಲನ್ನು ಕೈಯಲ್ಲಿ ಹಿಡಿದುಕೊಂಡರು.

ರವಿಕಿರಣರು ಕೆಳಗಿಳಿದು ಬಂದಿದ್ದರು. ಕಾರು ಉಳಿದಿತ್ತು, ಆದ್ದರಿಂದ ಈಗ ಕರಿಬೇವಿನ ನೆನಪಾಗಿತ್ತು. “ಕಲಾವತಿ ಆಂಟಿ, ಇವನನ್ನ ನಾಳೆಯಿಂದ ಬಿಟ್ಟುಬಿಡೋಣ. ಮಾತೆತ್ತಿದ್ರೆ ಸುಳ್ಳು. ಬೇರೆ ಯಾರಾದ್ರೂ ಸಿಗ್ತಾರೆ.”

ಆ ಮಾತಿಗಾಗಿಯೇ ರೂಪೇಶ ಮೇಲಿನಿಂದ ಹೆದರುತ್ತ ಬಂದಿದ್ದ. ತಲೆ ತಗ್ಗಿಸಿದ. ಸದಾನಂದರು ಅಂಗಾಲನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಟೇಬಲ್ ಒರೆಸುವ ಬಟ್ಟೆಯ ಹುಳಿ ವಾಸನೆ ಇಬ್ಬರ ಮೂಗಿಗೂ ಬಂತು.

ಕಲಾವತಿ ಬಾಯಿ ಮೆಲ್ಲಗೆ ಎದ್ದರು.

“ಬ್ಯಾರೆಯವನು ಏನೇನು ಕದೀತಾನ, ಏನೇನು ಸುಳ್ಳು ಹೇಳ್ತಾನ, ನಿಮಗ ಗೊತ್ತದ ಏನು?” ಎಂದರು. “ಇವನದು ಪೂರಾ ಗೊತ್ತಾತು. ಇನ್ನ ಒಳಗ ಏನೂ ಉಳಿದಿಲ್ಲ, ಅಷ್ಟು ಮ್ಯಾಲಿಂದ ಎಲ್ಲಾ ಸುರುವಿಬಿಟ್ಟಾನ. ಹೊಸಬನ್ನ ತಂದು ಅವನ ಕಳ್ಳತನ ಹುಡುಕಲಿಕ್ಕೆ ನನಗ ಇನ್ನ ವಯಸ್ಸಿಲ್ಲ ರವಿಕಿರಣ.”

ಒಳಗೆ ಹೋದರು. ಅಡುಗೆಮನೆಯ ಮೊಳೆಯಿಂದ ಏನೋ ತೆಗೆದ ಸದ್ದಾಯಿತು. ಬಂದು ರೂಪೇಶನ ಕೈಯಲ್ಲಿ ಒಂದು ಬೀಗದ ಕೈ ಇಟ್ಟರು. ಅದು ಅವರ ಸ್ವಂತ ಟೆರೇಸಿನದು. ಅದನ್ನು ಅವನು ಅಪ್ಪನಿಗೆ ತೋರಿಸಿದ. ಸದಾನಂದ ಮಾತು ಕೊಟ್ಟಿದ್ದ ಹಾಗೇ ಬಾಯಿ ಮುಚ್ಚಿಕೊಂಡಿದ್ದರು.

“ಕರಿಬೇವು?” ಎಂದರು ರವಿಕಿರಣ.

“ಇನ್ನ ಮ್ಯಾಲೆ ನಿಮಗ ಭಾನುವಾರ ಚಟ್ನಿ ಬಿಟ್ಟಿ,” ಎಂದು ಸದಾನಂದರ ಪರವಾಗಿ ಕಲಾವತಿ ಬಾಯಿಯೇ ತೀರ್ಮಾನ ಕೊಟ್ಟರು.

ಚಂಡಮಾರುತ ಆಮೇಲೆ ಮನಸ್ಸು ಬದಲಾಯಿಸಿ ಆಂಧ್ರದ ಕಡೆ ಹೋಯಿತು. ಚೆನ್ನೈಯವರು ಹಾಲಿನ ಪ್ಯಾಕೆಟ್ಟುಗಳನ್ನು ಏನು ಮಾಡುವುದೆಂದು ತಿಳಿಯದೆ ಒಂದು ವಾರ ಪಾಯಸ ಕುಡಿದರು. ಮುಂದಿನ ಸೋಮವಾರ ಆ ಬೀದಿಯ ಎಲ್ಲ ಮನೆಗಳಲ್ಲೂ ಚಟ್ನಿ ಆಯಿತು. ಕಾಯಿಗೆ ಕೊರತೆ ಇರಲಿಲ್ಲ.

ರೂಪೇಶ ಟೆರೇಸಿಗೆ ನೀರು ಹಾಕಿ, ಬೀಗ ಹಾಕಿ, ಅದರ ಕೈಯನ್ನು ಜೇಬಿಗೆ ಹಾಕಿಕೊಂಡು ಇಳಿದು ಬರುವಾಗ ಕಲಾವತಿ ಬಾಯಿ ಜಗಲಿಯಲ್ಲಿ ನಿಂತು ಮರದ ಕಡೆ ಗದ್ದ ಎತ್ತಿದ್ದರು.

“ಸಂಕ್ರಾಂತಿ ಮುಂದ ಮತ್ತ ಬಲೀತಾವ.”

ರೂಪೇಶನ ಹೊಟ್ಟೆಯೊಳಗಿನ ಲಿಫ್ಟು ಹಳೆಯ ದಾರಿಯಲ್ಲೇ ಕೆಳಗಿಳಿಯಿತು. “ನಮ್ಮ ಕಡೆ...” ಎಂದು ಶುರು ಮಾಡಿದ. ಕನ್ನಡಕ ಮೆಲ್ಲಗೆ ಅವನ ಕಡೆ ತಿರುಗಿತು. ಬಾಯಿ ಮುಚ್ಚಿದ. ಆಮೇಲೆ ಹೇಳಿದ:

“ಹೆದರಿಕೆ ಆಗ್ತದೆ ಅಮ್ಮ.”

“ಆಗಲಿ,” ಎಂದರು ಕಲಾವತಿ ಬಾಯಿ. “ಬರೂವಾಗ ನಿಮ್ಮಪ್ಪನ್ನ ಕರಕೊಂಡು ಬಾ. ಸಟ್ಟುಗ ಮರೀಬ್ಯಾಡ ಅಂತ ಹೇಳು.”